‘ಅರಳು ಮರಳು’: ಮುಪ್ಪಿನ ಕುರುಹುಗಳ ಮರು ಓದು

1

ಮುಪ್ಪು ಒಮ್ಮೆಲೆ ಬರುವುದಿಲ್ಲ; ಕುರುಹುಗಳನ್ನು ಮುಂದೆ ಕಳಿಸಿ ತಾನು ಹಿಂದಿನಿಂದ ಬರುತ್ತದೆ. ಕಿವಿಯ ಬಳಿ ಕಂಡ ಒಂದು ನರೆ, ಸೂಜಿಯ ಕಣ್ಣನ್ನು ಅರಸಿ ಸೋಲುವ ನಮ್ಮ ಕಣ್ಣು, ಏರುವಾಗ ನಡುಮೆಟ್ಟಿಲಲ್ಲಿ ಬೇಕೆನಿಸುವ ನಿಲುಗಡೆ, ನಾಲಿಗೆಯ ತುದಿಯವರೆಗೆ ಬಂದು ಹಿಂದಿರುಗುವ ಪರಿಚಿತರ ಹೆಸರು, ಇವೆಲ್ಲ ಅಂಥ ಕುರುಹುಗಳು. ಇವನ್ನು ಬರೆಯುವುದು ದೇಹ, ಓದುವುದು ಮನಸ್ಸು, ಆ ಓದಿಗೆ ಬೇಕಾದ ಅಕ್ಷರಗಳನ್ನು ಒದಗಿಸುವುದು ಭಾಷೆ. ಒಂದೇ ನರೆಯನ್ನು ಕಾವ್ಯದ ಅರಸನೊಬ್ಬ ರಾಜ್ಯ ಬಿಡುವ ಆಜ್ಞೆಯೆಂದು ಓದಿದ; ಶರಣನೊಬ್ಬ ತಡಮಾಡಬೇಡವೆಂಬ ಎಚ್ಚರಿಕೆಯೆಂದು ಓದಿದ; ಇಪ್ಪತ್ತನೆಯ ಶತಮಾನದ ಕವಿಯೊಬ್ಬರು ಬೇರೊಂದು ಬಗೆಯಲ್ಲಿ ಓದಿದರು. ಈ ಮೂರನೆಯ ಓದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಕವಿ ದ.ರಾ. ಬೇಂದ್ರೆ; ಕೃತಿ 1957ರ ‘ಅರಳು ಮರಳು’. ನಮ್ಮ ಗಮನವಿರುವುದು ಮುಖ್ಯವಾಗಿ ಆ ಸಂಕಲನದ ಹೆಸರಿನ ಮೇಲೆ. ಹೆಸರೊಂದರಲ್ಲಿಯೇ ಒಂದು ಜೀವನದೃಷ್ಟಿ ಅಡಕವಾಗಿರುವ ಅಪರೂಪದ ಸಂದರ್ಭ ಇದೆಂದು ನಾವು ಭಾವಿಸುತ್ತೇವೆ.

ಈ ವಿಚಾರವನ್ನು ಪುಣೆಯಿಂದ ಆರಂಭಿಸುವುದಕ್ಕೆ ಕಾರಣವಿದೆ. ಬೇಂದ್ರೆ ಧಾರವಾಡದಿಂದ ಪುಣೆಗೆ ಹೋಗಿ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ, 1918ರಲ್ಲಿ ಪದವೀಧರರಾಗಿ ಹಿಂದಿರುಗಿದವರು. ಮನೆಯ ಮಾತು ಮರಾಠಿ, ಕಾವ್ಯದ ಮಾತು ಕನ್ನಡ ಎಂಬ ಅವರ ದ್ವಿಭಾಷಿಕ ಬದುಕಿನಲ್ಲಿ ಪುಣೆಯ ವರ್ಷಗಳದ್ದು ದೊಡ್ಡ ಪಾಲು. ಮುಪ್ಪಿನ ಕುರುಹುಗಳಿಗೆ ಈ ಎರಡು ಭಾಷೆಗಳು ಇಟ್ಟ ಹೆಸರುಗಳನ್ನು ಹೋಲಿಸಿ ನೋಡಿದರೆ ನಮ್ಮ ವಿಷಯ ಸ್ಪಷ್ಟವಾಗುತ್ತದೆ. ವಯಸ್ಸಾದಂತೆ ಕಣ್ಣಿನ ಮಸೂರ ಮೆದುತನವನ್ನು ಕಳೆದುಕೊಂಡು, ಹತ್ತಿರದ ಅಕ್ಷರಕ್ಕೆ ತಕ್ಕಂತೆ ಉಬ್ಬಲಾರದೆ ಹೋಗುತ್ತದೆ. ಈ ಸ್ಥಿತಿಗೂ ಇದಕ್ಕಾಗಿ ಧರಿಸುವ ಉಪಕರಣಕ್ಕೂ ಮರಾಠಿಯಲ್ಲಿ ‘ಚಾಳಿಶಿ’ ಎನ್ನುತ್ತಾರೆ. ಕನ್ನಡದ ಆಡುಮಾತಿನಲ್ಲಿ ಅದು ‘ಚಾಳೀಸು’. ಎರಡೂ ನಲವತ್ತು ಎಂಬ ಸಂಖ್ಯೆಯಿಂದ ಹುಟ್ಟಿದವು. ವಯಸ್ಸಿನ ಅಂಕಿಯೇ ಮೂಗಿನ ಮೇಲೆ ಬಂದು ಕುಳಿತಂತೆ! ಈ ಕುರುಹಿನ ಮಟ್ಟಿಗೆ ಎರಡು ಭಾಷೆಗಳಿಗೂ ಒಂದೇ ಪದ. ಆದರೆ ಅರವತ್ತರ ಕುರುಹಿಗೆ ಬರುವ ಹೊತ್ತಿಗೆ ಅವೆರಡೂ ಬೇರೆ ಬೇರೆ ದಾರಿ ಹಿಡಿಯುತ್ತವೆ. ಆ ಕವಲಿನಲ್ಲಿಯೇ ಬೇಂದ್ರೆಯವರ ಹೆಸರು ಹುಟ್ಟಿದೆ.

2

ಅದಕ್ಕೂ ಮುನ್ನ ಪರಂಪರೆಯನ್ನು ಸ್ವಲ್ಪ ನೋಡಬೇಕು. ಭಾರತೀಯ ಕಾವ್ಯದಲ್ಲಿ ನರೆ ಒಂದು ದೂತನ ಪಾತ್ರವನ್ನು ವಹಿಸುತ್ತ ಬಂದಿದೆ. ‘ರಘುವಂಶ’ದ ಹನ್ನೆರಡನೆಯ ಸರ್ಗದಲ್ಲಿ ಕಾಳಿದಾಸನು ದಶರಥನ ಕಿವಿಯ ಬಳಿಗೆ ಮುಪ್ಪನ್ನು ನರೆಯ ವೇಷದಲ್ಲಿ ಕಳಿಸುತ್ತಾನೆ, ಕೈಕೇಯಿಗೆ ಕೇಳಿಸೀತೆಂದು ಅಂಜಿದಂತೆ ಅದು ರಾಮನಿಗೆ ರಾಜ್ಯವನ್ನು ಒಪ್ಪಿಸೆಂದು ಪಿಸುಗುಟ್ಟುತ್ತದೆ. ಕ್ರಿ.ಶ. 959ರಲ್ಲಿ ಸೋಮದೇವಸೂರಿ ಮುಗಿಸಿದ ‘ಯಶಸ್ತಿಲಕ’ ಚಂಪುವಿನಲ್ಲಿ ಅರಸ ಯಶೋರ್ಘನು ತಲೆಯಲ್ಲೊಂದು ಬೆಳ್ಗೂದಲನ್ನು ಕಂಡು ಮಗ ಯಶೋಧರನಿಗೆ ರಾಜ್ಯವನ್ನೊಪ್ಪಿಸಿ ತಪಸ್ಸಿಗೆ ಹೊರಡುತ್ತಾನೆ. ಆ ಯಶೋಧರನ ಕಥೆಯನ್ನೇ ಜನ್ನನು 1209ರಲ್ಲಿ ಕನ್ನಡದ ಕಾವ್ಯವಾಗಿಸಿದ. ಜೈನ ಕಥನಕ್ಕೆ ಈ ನರೆ ಬಹು ಉಪಯುಕ್ತ. ಬೇರೆ ಯಾವ ಉಪದೇಶಕ್ಕೂ ಕಿವಿಗೊಡದ ಅರಸನು ತನ್ನ ತಲೆಯ ಮೇಲೆಯೇ ಬೆಳೆದ ಉಪದೇಶಕ್ಕೆ ತಲೆಬಾಗುತ್ತಾನೆ. ಇಲ್ಲಿ ಕುರುಹು ಆಜ್ಞೆಯಾಗಿದೆ. ಅದನ್ನು ಕಂಡವನು ಮಾಡಬೇಕಾದುದು ಒಂದೇ, ಹೊರಡುವುದು.

ಹನ್ನೆರಡನೆಯ ಶತಮಾನದ ಬಸವಣ್ಣನವರಲ್ಲಿ ಕುರುಹಿನ ಕೆಲಸ ಬದಲಾಗುತ್ತದೆ. ಮುಪ್ಪಿನ ಲಕ್ಷಣಗಳನ್ನು ಒಂದೊಂದಾಗಿ ಎಣಿಸುವ ಅವರ ಪ್ರಸಿದ್ಧ ವಚನವನ್ನು ಕನ್ನಡಿಗರೆಲ್ಲ ಬಲ್ಲರು. ಕೆನ್ನೆ, ಗಲ್ಲ, ಹಲ್ಲು, ಬೆನ್ನು, ಕಾಲು ಎಂದು ಒಡಲಿನ ಮೇಲಿನಿಂದ ಕೆಳಗಿಳಿಯುತ್ತ, ಇನ್ನೊಬ್ಬರ ಹಂಗಿನವರೆಗೆ ಸಾಗುವ ಆ ಎಣಿಕೆಯ ವ್ಯಾಕರಣವೇ ಗಮನಾರ್ಹವಾದುದು. ಅಲ್ಲಿನ ಒಂದೊಂದು ಕುರುಹೂ ‘ಅದಾಗುವುದಕ್ಕೆ ಮೊದಲು’ ಎಂಬ ಅರ್ಥದ ಕಟ್ಟಿನೊಳಗಿದೆ. ಯಾವ ಕುರುಹೂ ಇನ್ನೂ ಬಂದಿಲ್ಲ. ಬಂದೀತೆಂಬ ಅವಸರ ಮಾತ್ರ ಇದೆ. ಅರಸನಿಗೆ ಬಂದ ಮೇಲೆ ಹೊರಡುವ ಆಜ್ಞೆ; ಶರಣನಿಗೆ ಬರುವ ಮೊದಲೇ ತೊಡಗುವ ಗಡುವು. ಇವೆರಡೂ ಶ್ರೇಷ್ಠ ಓದುಗಳೇ. ಆದರೆ ಎರಡರಲ್ಲಿಯೂ ಒಂದು ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಕುರುಹುಗಳು ಬಂದಾಗಿವೆ, ಆದರೆ ಅರಸನಂತೆ ಹೊರಡುವ ಉದ್ದೇಶವಿಲ್ಲ, ಶರಣನ ಗಡುವು ದಾಟಿಹೋಗಿದೆ. ಅಂಥವನು ಮರುದಿನ ಬೆಳಗ್ಗೆ ಎದ್ದು ಏನು ಮಾಡಬೇಕು? ಕುರುಹುಗಳ ಜೊತೆಯಲ್ಲಿಯೇ ಬದುಕುವುದು ಹೇಗೆ? ಬಹುಸಂಖ್ಯಾತರ ಪ್ರಶ್ನೆ ಇದು. ಇದಕ್ಕೆ ನಮ್ಮ ಹಳೆಯ ಕಾವ್ಯ ಕೊಡುವ ಉತ್ತರ ಕಡಿಮೆ.

‘ಯಶಸ್ತಿಲಕ’ವನ್ನು ಕುರಿತ ಕೃಷ್ಣಕಾಂತ ಹಂದಿಕಿಯವರ ಹಿರಿಯ ಅಧ್ಯಯನ 1949ರಲ್ಲಿ ಸೊಲ್ಲಾಪುರದಿಂದ ಪ್ರಕಟವಾಯಿತು. ಆ ಹೊತ್ತಿಗೆ ಅದೇ ಊರಿನ ಡಿ.ಎ.ವಿ. ಕಾಲೇಜಿನಲ್ಲಿ ಬೇಂದ್ರೆ ಕನ್ನಡ ಪ್ರಾಧ್ಯಾಪಕರಾಗಿದ್ದರು. ಈ ಕಾಕತಾಳೀಯದ ಮೇಲೆ ನಾವು ಯಾವ ವಾದವನ್ನೂ ಕಟ್ಟುವುದಿಲ್ಲ. ನರೆಯನ್ನು ಕಂಡು ಹೊರಟ ಅರಸನ ಗ್ರಂಥ ಅಚ್ಚಾದ ಊರಿನಲ್ಲಿಯೇ, ಹೊರಡದೆ ಉಳಿಯುವ ಕವಿ ತನ್ನ ಐವತ್ತರ ದಶಕವನ್ನು ಕಳೆಯುತ್ತಿದ್ದ ಎಂಬುದನ್ನು ಮಾತ್ರ ಗುರುತಿಸಿ ಮುಂದುವರಿಯುತ್ತೇವೆ.

3

ಅರವತ್ತು ತುಂಬಿದವನನ್ನು ಕುರಿತು ಮರಾಠಿಯಲ್ಲಿ ಒಂದು ಗಾದೆಯಿದೆ: ‘ಸಾಠೀ ಬುದ್ಧಿ ನಾಠೀ’. ಅರವತ್ತಾಯಿತು, ಬುದ್ಧಿ ಓಡಿಹೋಯಿತು ಎಂದು ಇದರ ತಾತ್ಪರ್ಯ. ಪ್ರಾಸ ಚೆನ್ನಾಗಿದೆ, ಆದರೆ ಗಾದೆಯ ಬಾಗಿಲು ಮುಚ್ಚಿದೆ. ಓಡಿಹೋದುದು ಓಡಿಹೋಯಿತು, ಆ ಪದವನ್ನು ಹೇಗೆ ತಿರುಗಿಸಿದರೂ ಬುದ್ಧಿಯನ್ನು ಮನೆಗೆ ಕರೆತರಲು ಬಾರದು. ಕನ್ನಡದ ಗಾದೆಯೂ ಇದೇ ನಿಂದೆಯನ್ನು ಹೇಳುತ್ತದೆ: ‘ಅರವತ್ತಕ್ಕೆ ಅರಳುಮರಳು’. ಮುದುಕರ ಮರೆವಿಗೆ, ಹೇಳಿದ್ದನ್ನೇ ಹೇಳುವ ಅಭ್ಯಾಸಕ್ಕೆ, ವಿವೇಕದ ತಪ್ಪುಹೆಜ್ಜೆಗೆ ಮನೆಯ ಕಿರಿಯರು ಇಡುವ ಹೆಸರು ಇದು. ಮರುಳು ಎಂಬ ಪದದ ನೆರಳು ಇದರ ಮೇಲೆ ಬಿದ್ದಿರುವುದು ಯಾವ ಕನ್ನಡಿಗನಿಗೂ ಕೇಳಿಸುತ್ತದೆ. ಆದರೆ ಈ ನಿಂದೆಯ ಪದವನ್ನು ನಡುವೆ ಒಂದು ಉಸಿರು ಬಿಟ್ಟು ಉಚ್ಚರಿಸಿದರೆ ಅದು ಎರಡು ಕ್ರಿಯಾಪದಗಳಾಗಿ ಒಡೆಯುತ್ತದೆ: ಅರಳು, ಮರಳು. ಮೊದಲನೆಯದು ಹೂವಿನ ಕ್ರಿಯೆ, ಎರಡನೆಯದು ಹಿಂದಿರುಗುವವನ ಕ್ರಿಯೆ. ಎರಡೂ ವಿಧ್ಯರ್ಥದಲ್ಲಿವೆ, ಕೇಳುವವನಿಗೆ ಅವು ಹರಕೆಯಾಗಿಯೂ ಕೇಳಿಸುತ್ತವೆ.

1896ರ ಜನವರಿ 31ರಂದು ಹುಟ್ಟಿದ ಬೇಂದ್ರೆಯವರಿಗೆ 1956ರಲ್ಲಿ ಅರವತ್ತು ತುಂಬಿತು. ಅದೇ ವರ್ಷ ಸೊಲ್ಲಾಪುರದ ಅಧ್ಯಾಪನ ಮುಗಿಯಿತು. ಅದೇ ವರ್ಷದ ನವೆಂಬರ್ 1ರಂದು ಕನ್ನಡನಾಡು ಒಂದಾಯಿತು. ಕವಿ ಮುದುಕನಾಗುವ ಹೊತ್ತಿಗೆ ನಾಡು ಶಿಶುವಾಯಿತು. ಆ ಸಂಧಿಕಾಲದಲ್ಲಿ ಹೊರಬಂದ ‘ಸೂರ್ಯಪಾನ’, ‘ಹೃದಯಸಮುದ್ರ’, ‘ಮುಕ್ತಕಂಠ’, ‘ಚೈತ್ಯಾಲಯ’, ‘ಜೀವಲಹರಿ’ ಎಂಬ ಐದು ಸಂಕಲನಗಳು ‘ಅರಳು ಮರಳು’ ಎಂಬ ಒಂದು ಹೆಸರಿನಡಿಯಲ್ಲಿ ಕೂಡಿಕೊಂಡವು. 1958ರ ಸಾಹಿತ್ಯ ಅಕಾದೆಮಿ ಪ್ರಶಸ್ತಿ ಈ ಕೃತಿಗೆ ಸಂದಿತು.

ಐದು ಹೆಸರುಗಳನ್ನು ಒಟ್ಟಿಗೆ ಓದಿದರೆ ಒಂದು ಅಂಶ ಹೊಳೆಯುತ್ತದೆ. ಸೂರ್ಯ, ಸಮುದ್ರ, ಕಂಠ, ಆಲಯ, ಲಹರಿ: ಇವುಗಳಲ್ಲಿ ಯಾವುದೂ ಮುಪ್ಪನ್ನು ಹೆಸರಿಸುವುದಿಲ್ಲ. ಅವೆಲ್ಲ ವಿಸ್ತಾರವನ್ನು, ಬಿಡುಗಡೆಯನ್ನು, ಚಲನೆಯನ್ನು ಸೂಚಿಸುವ ಪದಗಳು. ಮುಪ್ಪು ಬಂದಿರುವುದು ಹೊದಿಕೆಯ ಹೆಸರಿನಲ್ಲಿ ಮಾತ್ರ. ಒಳಗಿನ ಹೆಸರುಗಳಲ್ಲಿ ಸಿದ್ಧಿಯನ್ನು ಸಾರಿಕೊಂಡು, ಹೊರಗಿನ ಹೆಸರಿನಲ್ಲಿ ಊರವರ ನಗೆಯನ್ನು ತಾವೇ ಮೊದಲು ನಕ್ಕುಬಿಡುವ ಈ ವಿನ್ಯಾಸದಲ್ಲಿ ಧಾರವಾಡದ ವಿನೋದವೂ ಇದೆ, ಕವಿಯ ಜಾಣ್ಮೆಯೂ ಇದೆ. ಮುದುಕನನ್ನು ಅರಳುಮರಳು ಎಂದು ಕರೆಯಲು ಬಂದವನು ಪುಸ್ತಕದ ಮುಖಪುಟದಲ್ಲಿಯೇ ಆ ಪದವನ್ನು ಕಂಡು ಬಾಯಿ ಮುಚ್ಚಬೇಕಾಗುತ್ತದೆ.

4

ಆದರೆ ಇದು ಬರಿಯ ಜಾಣ್ಮೆಯಾಗಿದ್ದರೆ ಇಷ್ಟು ವಿವರಣೆಗೆ ಅರ್ಹವಾಗುತ್ತಿರಲಿಲ್ಲ. ‘ಮರಳು’ ಎಂಬ ಪದದ ಹಿಂದೆ ಪಂಚಾಂಗದ ಬಲವೂ ಇದೆ. ನಮ್ಮ ಸಂವತ್ಸರಗಳ ಚಕ್ರ ಅರವತ್ತು ವರ್ಷಗಳದ್ದು. ಹುಟ್ಟಿದ ಸಂವತ್ಸರ ಅರವತ್ತು ತುಂಬಿದಾಗ ಹೆಸರು ಹಿಡಿದು ಹಿಂದಿರುಗುತ್ತದೆ. ಷಷ್ಟ್ಯಬ್ದಪೂರ್ತಿಯ ಆಚರಣೆಗೆ ಇದೇ ಆಧಾರ. 1895-96ರ ಸಂವತ್ಸರ ಮನ್ಮಥ, 1955-56ರದೂ ಮನ್ಮಥ. ಬೇಂದ್ರೆ ಹುಟ್ಟಿದ್ದು ಮನ್ಮಥದಲ್ಲಿ, ಅರವತ್ತನ್ನು ಮುಟ್ಟಿದ್ದು ಮರಳಿ ಬಂದ ಮನ್ಮಥದಲ್ಲಿ. ಹೆಸರು ಮರಳಿತು, ಆದರೆ ಆ ಹೆಸರು ಹೊತ್ತ ದೇವನ ಪ್ರಾಯ ಮರಳಲಿಲ್ಲ.

ಇಲ್ಲಿ ಯುಗಾದಿಯನ್ನು ಕುರಿತ ಅವರ ಬಹುಪ್ರಸಿದ್ಧ ಕವಿತೆಯನ್ನು ನೆನೆಯುವುದು ಅಗತ್ಯ. 1963ರ ‘ಕುಲವಧು’ ಚಲನಚಿತ್ರದ ಮೂಲಕ ಆ ಹಾಡು ನಾಡಿನ ಮನೆಮನೆಯನ್ನು ಮುಟ್ಟಿತು. ಹಬ್ಬದ ಹಾಡೆಂದೇ ಅದು ಇಂದಿಗೂ ಪ್ರಚಲಿತವಾಗಿದೆ. ಆದರೆ ಕವಿತೆಯನ್ನು ಕೊನೆಯವರೆಗೆ ಓದಿದವರಿಗೆ ಅದರ ಒಡಲಲ್ಲಿ ಒಂದು ದೂರು ಇರುವುದು ತಿಳಿಯುತ್ತದೆ. ವರುಷ ವರುಷವೂ ಪ್ರಕೃತಿಗೆ ಹೊಸ ಹುಟ್ಟು ಬರುತ್ತದೆ. ಮನುಷ್ಯನಿಗಾದರೋ ಇರುವುದು ಒಂದೇ ಜನ್ಮ, ಅದರಲ್ಲಿ ಒಂದೇ ಬಾಲ್ಯ, ಒಂದೇ ಪ್ರಾಯ. ದಿನಕ್ಕೊಂದು ನಿದ್ದೆ ಸಾವಿನಂತೆಯೂ ದಿನಕ್ಕೊಂದು ಎಚ್ಚರ ಹುಟ್ಟಿನಂತೆಯೂ ಇರುವಾಗ, ಆ ಲೀಲೆ ಇಡೀ ಜೀವಿತಕ್ಕೆ ಏಕೆ ಒದಗಬಾರದು ಎಂದು ಕವಿ ಚಿರಬಾಲಕನಾದ ಸನತ್ಕುಮಾರನನ್ನು ಕೇಳುತ್ತಾನೆ. ಕವಿತೆ ಉತ್ತರವಿಲ್ಲದೆ ಮುಗಿಯುತ್ತದೆ. ಹಬ್ಬದ ದಿನ ನಾವು ಆ ಹಾಡಿನ ಸಂಭ್ರಮವನ್ನು ಕೇಳುತ್ತೇವೆ, ದೂರನ್ನು ಕೇಳುವುದಿಲ್ಲ.

ನಮ್ಮ ಪ್ರತಿಪಾದನೆ ಇಷ್ಟು: ಆ ಪ್ರಶ್ನೆಗೆ ಅರವತ್ತರ ಬೇಂದ್ರೆ ಕೊಟ್ಟ ಉತ್ತರವೇ ‘ಅರಳು ಮರಳು’. ಪ್ರಾಯದಲ್ಲಿ ಕೇಳಿದ ಪ್ರಶ್ನೆಯ ಕೇಂದ್ರದಲ್ಲಿ ಇದ್ದುದು ಇದೇ ಎರಡು ಕ್ರಿಯೆಗಳು, ಅರಳುವುದು ಮತ್ತು ಮರಳುವುದು. ಗಿಡಮರಗಳಿಗೆ ಇರುವ ಇವೆರಡೂ ನಮಗೇಕಿಲ್ಲ ಎಂದು ಅಂದು ಕೇಳಿದವರು, ಅರವತ್ತರ ಹೊತ್ತಿಗೆ ಅವೆರಡನ್ನೂ ಮುಪ್ಪಿನ ಕುರುಹಿನ ಹೆಸರಿನಲ್ಲಿಯೇ ಕಂಡುಕೊಂಡರು. ಉತ್ತರ ಸನತ್ಕುಮಾರನಿಂದ ಬರಲಿಲ್ಲ. ಬೈಗುಳಾಗಿ ಊರವರ ಬಾಯಲ್ಲಿ ಇದ್ದೇ ಇತ್ತು. ಅದನ್ನು ಇನ್ನೊಮ್ಮೆ ಓದುವ ಕಣ್ಣು ಬರುವುದಕ್ಕೆ ಅರವತ್ತು ವರ್ಷಗಳು ಬೇಕಾದವು.

5

‘ಅರಳು’ ಎಂಬುದು ಕ್ರಿಯಾಪದ ಮಾತ್ರವಲ್ಲ, ನಾಮಪದವೂ ಹೌದು. ಹುರಿದಾಗ ಬಿರಿದ ಧಾನ್ಯಕ್ಕೆ ಅರಳು ಎನ್ನುತ್ತೇವೆ. ನಾಗಪಂಚಮಿಯ ಹೊತ್ತಿಗೆ ಧಾರವಾಡದ ಕಡೆ ಜೋಳದ ಅರಳು. ಪುಣೆಯ ಕಡೆಯೂ ಅದೇ ಹಬ್ಬಕ್ಕೆ ಅದೇ ಜೋಳದ ‘ಲಾಹ್ಯಾ’. ಅರಳು ಹುರಿಯುವ ಸಾಂಪ್ರದಾಯಿಕ ಕ್ರಮವೆಂದರೆ ಕಾದ ಮರಳಿನಲ್ಲಿ ಕಾಳನ್ನು ಹಾಕಿ ಕೈಯಾಡಿಸುವುದು. ಅಂದಮೇಲೆ ಅರಳು ಅರಳುವುದು ಮರಳಿನಲ್ಲಿ! ಕವಿ ಈ ಅರ್ಥವನ್ನು ಉದ್ದೇಶಿಸಿದ್ದರೆಂದು ನಾವು ವಾದಿಸುತ್ತಿಲ್ಲ. ಬೇಂದ್ರೆಯವರಂಥ ಶಬ್ದಶಿಲ್ಪಿಯ ಕೈಗೆ ಬಂದ ಪದದೊಳಗೆ ಇದು ತಾನಾಗಿಯೇ ಸೇರಿಕೊಂಡಿದೆ ಎನ್ನುತ್ತಿದ್ದೇವೆ.

ಈ ಅರ್ಥವನ್ನು ಹಿಡಿದು ನೋಡಿದರೆ ಹೆಸರಿನ ಗಾಂಭೀರ್ಯ ಹೆಚ್ಚುತ್ತದೆ. ಹಸಿ ಕಾಳು ಅರಳುವುದಿಲ್ಲ; ತೀರ ಒಣಗಿ ಸತ್ತ ಕಾಳೂ ಅರಳುವುದಿಲ್ಲ. ಹೊರಗೆ ಒಣಗಿ ಗಟ್ಟಿಯಾದ ಕಾಳಿನೊಳಗೆ ಉಳಿದ ಅಷ್ಟಿಷ್ಟು ತೇವ, ಮರಳಿನ ಕಾವಿಗೆ ಆವಿಯಾಗಿ ಸಿಪ್ಪೆಯನ್ನು ಸೀಳುತ್ತದೆ. ಆಗ ಕಾಳು ತನ್ನ ಗಾತ್ರವನ್ನು ಮೀರಿ ಬೆಳ್ಳಗೆ ಬಿರಿಯುತ್ತದೆ. ಬೆಳ್ಳಗಾಗುವುದು ಇಲ್ಲಿ ಮುಗಿಯುವ ಸೂಚನೆಯೂ ಹೌದು, ಹೂವಾಗುವ ಸೂಚನೆಯೂ ಹೌದು. ಆದರೆ ಇನ್ನೊಂದು ಸತ್ಯವನ್ನು ಮರೆಮಾಚಬಾರದು. ಅರಳಾದ ಕಾಳು ಮತ್ತೆ ಮೊಳೆಯುವುದಿಲ್ಲ. ಹುರಿದ ಬೀಜ ಹುಟ್ಟನ್ನು ಕಾಣದೆಂಬ ದೃಷ್ಟಾಂತ ನಮ್ಮ ದರ್ಶನಗಳಲ್ಲಿ ಬಿಡುಗಡೆಯ ದೃಷ್ಟಾಂತವಾಗಿಯೇ ಬಂದಿದೆ. ಮದುವೆಯ ಲಾಜಾಹೋಮದಲ್ಲಿ ವಧುವಿನ ಬೊಗಸೆಯಿಂದ ಅಗ್ನಿಗೆ ಬೀಳುವುದೂ ಅರಳೇ. ಕೊನೆಯ ಯಾತ್ರೆಯ ದಾರಿಯುದ್ದಕ್ಕೂ ಚೆಲ್ಲುವುದೂ ಅಂಥ ಬಿರಿದ ಧಾನ್ಯವೇ. ಯೌವನ ಮರಳುತ್ತದೆಂದು ಈ ಹೆಸರು ನಂಬಿಸುವುದಿಲ್ಲ. ಮೊಳಕೆಯ ಕಾಲ ಮುಗಿಯಿತು, ಹೂವಿನ ಕಾಲ ಉಳಿದಿದೆ ಎಂದಷ್ಟೇ ಹೇಳುತ್ತದೆ. ಇಂಥ ಸಮಾಧಾನವೇ ನಂಬತಕ್ಕ ಸಮಾಧಾನ.

6

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಬೇಂದ್ರೆಯವರ ಉತ್ತರಕಾಲದ ಕಾವ್ಯ ಶಬ್ದಲೀಲೆಗೆ, ಅನುಭಾವದ ಪರಿಭಾಷೆಗೆ, ಸಂಖ್ಯೆಗಳ ಮೋಹಕ್ಕೆ ಒಳಗಾಗಿ ಸೊರಗಿತೆಂಬ ಮಾತು ಕನ್ನಡ ವಿಮರ್ಶೆಯಲ್ಲಿ ಆಗಾಗ ಕೇಳಿಬಂದಿದೆ. ಕುರ್ತಕೋಟಿ, ಆಮೂರ ಮೊದಲಾದವರು ಆ ಕಾವ್ಯವನ್ನು ಸಮಗ್ರ ದೃಷ್ಟಿಯಿಂದ ನೋಡಿದ್ದಾರೆ, ಜಿ.ಎಸ್. ಆಮೂರರ ‘ಭುವನದ ಭಾಗ್ಯ’ (1991) ಈ ದಿಸೆಯಲ್ಲಿ ಮುಖ್ಯವಾದ ಗ್ರಂಥ. ಆದರೂ ಆಕ್ಷೇಪದಲ್ಲಿ ಸ್ವಲ್ಪ ಹುರುಳಿದೆ ಎಂಬುದನ್ನು ಒಪ್ಪಬೇಕು. ‘ಗರಿ’ಯ (1932) ಕವಿಯಲ್ಲಿ ಅನುಭವವು ಪದವನ್ನು ಹುಡುಕಿಕೊಂಡು ಹೋಗುತ್ತಿತ್ತು, ಉತ್ತರಕಾಲದಲ್ಲಿ ಎಷ್ಟೋ ಸಲ ಪದವೇ ಮುಂದೆ ನಡೆದು ಅನುಭವವನ್ನು ಕರೆಯುತ್ತದೆ, ಅನುಭವ ಪ್ರತಿ ಸಲವೂ ಬರುವುದಿಲ್ಲ. ಹಾಗಿದ್ದಲ್ಲಿ ‘ಅರಳು ಮರಳು’ ಎಂಬ ಹೆಸರೂ ಅಂಥದೇ ಒಂದು ಶಬ್ದಚಮತ್ಕಾರವಾಗಿರಬಾರದೇಕೆ? ಶ್ಲೇಷೆಯಿಂದ ಸೊಂಟದ ನೋವು ಹೋಗುತ್ತದೆಯೆ?

ಹೋಗುವುದಿಲ್ಲ. ಶ್ಲೇಷೆ ಮಾಡುವುದು ಬೇರೊಂದು ಕೆಲಸ. ಹೋಲಿಕೆಗೆ ರೋಮಿನ ಸಿಸಿರೋನನ್ನು ನೋಡಬಹುದು. ಕ್ರಿ.ಪೂ. 44ರಲ್ಲಿ, ತನ್ನ ಅರವತ್ತೆರಡನೆಯ ವಯಸ್ಸಿನಲ್ಲಿ ಅವನು ವೃದ್ಧಾಪ್ಯವನ್ನು ಕುರಿತು ಒಂದು ಸಂವಾದವನ್ನು ಬರೆದ. ಎಂಬತ್ತನಾಲ್ಕರ ಕೇಟೋನ ಬಾಯಿಂದ ಮುಪ್ಪಿನ ಮೇಲಿನ ನಾಲ್ಕು ಆರೋಪಗಳನ್ನು ಎತ್ತಿಸಿ, ಒಂದೊಂದನ್ನೂ ಖಂಡಿಸುತ್ತಾನೆ: ಅದು ಕಾರ್ಯದಿಂದ ದೂರಮಾಡುತ್ತದೆ, ಬಲವನ್ನು ಕುಗ್ಗಿಸುತ್ತದೆ, ಸುಖಗಳನ್ನು ಕಸಿಯುತ್ತದೆ, ಸಾವಿಗೆ ಹತ್ತಿರವಾಗಿದೆ ಎಂಬವು ಆ ಆರೋಪಗಳು. ಅದೊಂದು ವಕೀಲನ ವಾದ, ಗೆಲ್ಲುತ್ತದೆ. ಆದರೆ ವಾದದಲ್ಲಿ ಗೆದ್ದ ಮುದುಕ ಮನೆಗೆ ಬಂದು ಕನ್ನಡಿ ನೋಡಿಕೊಂಡಾಗ ನರೆ ಪ್ರತಿವಾದಿಯಾಗಿಯೇ ಉಳಿದಿರುತ್ತದೆ. ಬೇಂದ್ರೆಯವರ ಮಾರ್ಗದಲ್ಲಿ ಪ್ರತಿವಾದಿಯೇ ಇಲ್ಲ. ಅವರು ಆರೋಪವನ್ನು ನಿರಾಕರಿಸಲಿಲ್ಲ. ‘ಹೌದು, ಅರಳುಮರಳು’ ಎಂದು ಒಪ್ಪಿಕೊಂಡರು, ಒಪ್ಪಿಗೆಯ ಮಾತಿನಲ್ಲಿಯೇ ಇನ್ನೊಂದು ಅರ್ಥವನ್ನು ಕೇಳಿಸಿದರು. ಮುಖ್ಯ ಸಂಗತಿಯೆಂದರೆ ಎರಡನೆಯ ಅರ್ಥ ಬಂದಮೇಲೂ ಮೊದಲನೆಯದು ಹೋಗುವುದಿಲ್ಲ. ಮರೆವು ಮರೆವಾಗಿಯೇ ಇರುತ್ತದೆ. ಅದರ ಪಕ್ಕದಲ್ಲಿ ಒಂದು ಹೂ ಬಂದು ಕುಳಿತಿರುತ್ತದೆ. ಶ್ಲೇಷೆಯ ಸ್ವಭಾವವೇ ಎರಡು ಅರ್ಥಗಳನ್ನು ಒಟ್ಟಿಗೆ ಹೊರುವುದು. ಮುಪ್ಪಿನ ಅನುಭವವೂ ಹಾಗೆಯೇ ಇರುವುದರಿಂದ ಇಲ್ಲಿ ಆ ಅಲಂಕಾರ ಸತ್ಯಕ್ಕೆ ಹತ್ತಿರವಾಗಿದೆ. ಇದಕ್ಕೆ ಕಾಲವೂ ಸಾಕ್ಷಿ ನುಡಿಯಿತು. ಅರಳುಮರಳಿನ ವಯಸ್ಸನ್ನು ಘೋಷಿಸಿಕೊಂಡ ಏಳು ವರ್ಷಗಳ ಮೇಲೆ, 1964ರಲ್ಲಿ ‘ನಾಕು ತಂತಿ’ ಬಂದಿತು. ಜ್ಞಾನಪೀಠ ಪ್ರಶಸ್ತಿ (1973) ಅದಕ್ಕೆ ಸಂದಿತು.

ಕುರುಹಿನ ಹೆಸರನ್ನೇ ಕೃತಿಯ ಹೆಸರಾಗಿಸಿದ ಇನ್ನೊಬ್ಬ ಹಿರಿಯರು ಎ.ಎನ್. ಮೂರ್ತಿರಾವ್. ಅವರ ಆತ್ಮಕಥನದ ಹೆಸರು ‘ಸಂಜೆಗಣ್ಣಿನ ಹಿನ್ನೋಟ’. ಇಳಿಹೊತ್ತಿನಲ್ಲಿ ಮಂಜಾಗುವ ಕಣ್ಣನ್ನೇ ನೋಡುವ ಸಾಧನವನ್ನಾಗಿ ಅವರು ಆರಿಸಿಕೊಂಡರು. ಬೇಂದ್ರೆ ಮುಂದಕ್ಕೆ ತಿರುಗಿದ್ದಾರೆ, ಮೂರ್ತಿರಾವ್ ಹಿಂದಕ್ಕೆ. ಆದರೆ ಇಬ್ಬರೂ ಕುರುಹನ್ನು ಮುಚ್ಚಿಡಲಿಲ್ಲ. 1900ರಲ್ಲಿ ಹುಟ್ಟಿ 2003ರವರೆಗೆ ಬಾಳಿದ ಮೂರ್ತಿರಾಯರು ‘ದೇವರು’ ಎಂಬ ನಿರ್ಭೀತ ಗ್ರಂಥವನ್ನು ಪ್ರಕಟಿಸಿದ್ದು 1991ರಲ್ಲಿ ಎಂಬುದು ಇಲ್ಲಿ ಸ್ಮರಣೀಯ.

7

ಇಷ್ಟು ಹೇಳಿದ ಮೇಲೆ ಈ ಓದಿನ ಮಿತಿಯನ್ನೂ ಹೇಳಬೇಕು. ಕನ್ನಡಿಯಲ್ಲಿ ನರೆಯನ್ನು ಕಂಡವರು ನಮ್ಮ ಕಾವ್ಯಗಳಲ್ಲಿ ಬಹುಮಟ್ಟಿಗೆ ಅರಸರು, ಗಂಡಸರು. ಷಷ್ಟ್ಯಬ್ದಪೂರ್ತಿಯ ಗೌರವವೂ ಮುಖ್ಯವಾಗಿ ಪತಿಯ ವಯಸ್ಸಿನ ಲೆಕ್ಕದ್ದು. ಬೇಂದ್ರೆ ಹುಟ್ಟಿದ ಕಾಲದ ಬ್ರಾಹ್ಮಣ ಮನೆಗಳಲ್ಲಿ, ಧಾರವಾಡದಲ್ಲಾಗಲಿ ಪುಣೆಯಲ್ಲಾಗಲಿ, ತಲೆ ಬೋಳಿಸಿಕೊಂಡು ಬದುಕಬೇಕಾದ ವಿಧವೆಯರು ಎಷ್ಟೋ ಜನ ಇದ್ದರು. ಅವರಿಗೆ ಮೊದಲ ನರೆ ಎಂಬ ಅನುಭವವೇ ಇರಲಿಲ್ಲ. ಕೂದಲು ಬೆಳ್ಳಗಾಗುವ ಮೊದಲೇ ಹೋಗಿತ್ತು, ಕನ್ನಡಿಯೂ ಹೋಗಿತ್ತು. ಮುಪ್ಪಿನ ಕುರುಹನ್ನು ತಾನೇ ಕಂಡು, ತಾನೇ ಓದಿಕೊಂಡು, ಹಗುರಾಗುವುದು ಕೂಡ ಒಂದು ಹಕ್ಕು. ಅದು ಎಲ್ಲರಿಗೂ ಸಿಕ್ಕಿರಲಿಲ್ಲ.

ಬೇಂದ್ರೆ ಹುಟ್ಟಿದ 1896ರಲ್ಲಿಯೇ ಧೋಂಡೊ ಕೇಶವ ಕರ್ವೆಯವರು ಪುಣೆಯಲ್ಲಿ ವಿಧವೆಯರ ಆಶ್ರಯಕ್ಕಾಗಿ ಸಂಸ್ಥೆಯನ್ನು ಆರಂಭಿಸಿದರು. ಫರ್ಗ್ಯುಸನ್ ಕಾಲೇಜಿನಲ್ಲಿ ಗಣಿತವನ್ನು ಕಲಿಸುತ್ತಿದ್ದ ಅವರು 1914ರಲ್ಲಿ ನಿವೃತ್ತರಾದರು; 1916ರಲ್ಲಿ, ಐವತ್ತೆಂಟರ ವಯಸ್ಸಿನಲ್ಲಿ, ಮಹಿಳಾ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದರು. ತರುಣ ಬೇಂದ್ರೆ ಅದೇ ಊರಿನಲ್ಲಿ ವಿದ್ಯಾರ್ಥಿಯಾಗಿದ್ದ ಕಾಲ ಅದು. ‘ಸಾಠೀ ಬುದ್ಧಿ ನಾಠೀ’ ಎಂಬ ಗಾದೆಯ ಮುಚ್ಚಿದ ಬಾಗಿಲನ್ನು ಶಬ್ದದಿಂದ ತೆರೆಯಲು ಸಾಧ್ಯವಿಲ್ಲವೆಂದೆವು. ಆ ಮಾತನ್ನಾಡುವ ಊರಿನಲ್ಲಿ ಒಬ್ಬರು ಅದನ್ನು ಕೃತಿಯಿಂದ ತೆರೆದರು. ನೂರು ತುಂಬಿದ ಕರ್ವೆಯವರಿಗೆ ಭಾರತರತ್ನ ಸಂದ 1958 ಮತ್ತು ‘ಅರಳು ಮರಳು’ವಿಗೆ ಅಕಾದೆಮಿಯ ಗೌರವ ಸಂದ 1958 ಒಂದೇ ವರ್ಷ.

ಕನ್ನಡದ ಕಾದಂಬರಿಯಲ್ಲಿ ಈ ಮಿತಿಯನ್ನು ದಾಟಿದವರು ಶಿವರಾಮ ಕಾರಂತರು. ‘ಮೂಕಜ್ಜಿಯ ಕನಸುಗಳು’ (1968) ಕೃತಿಯ ಅಜ್ಜಿ ಬಾಲವಿಧವೆ. ಊರಿನ ಕಣ್ಣಿಗೆ ಅರಳುಮರಳಿನ ಮುದುಕಿ. ಹಳೆಯ ವಸ್ತುವೊಂದನ್ನು ಕೈಯಲ್ಲಿ ಹಿಡಿದಾಗ ಅದರ ಹಿಂದಿನ ಕಾಲ ಅವಳ ಕಣ್ಣ ಮುಂದೆ ಬರುತ್ತದೆ. ತನಗೆ ದಕ್ಕದ ಬದುಕನ್ನೂ ಅವಳು ಕಹಿಯಿಲ್ಲದೆ ನೋಡಬಲ್ಲಳು. ಬೇಂದ್ರೆಯವರಲ್ಲಿ ಹೆಸರಾಗಿದ್ದುದು ಕಾರಂತರಲ್ಲಿ ಪಾತ್ರವಾಯಿತೆಂದರೆ ತಪ್ಪಾಗದು. ಮರುಳೆಂದು ಕರೆಸಿಕೊಂಡವಳಿಗೇ ಕಾಲ ಮರಳುತ್ತದೆ.

8

ಅರಳುವುದು ಅದೇ ಕೊಂಬೆಯಲ್ಲಿಯೇ ಆಗಬೇಕೆಂಬ ನಿಯಮವೂ ಇಲ್ಲ. 1946ರಲ್ಲಿ ಪುಣೆಯಲ್ಲಿ ಕುಂದಗೋಳದ ಸವಾಯಿ ಗಂಧರ್ವರ ಅರವತ್ತರ ಸಮಾರಂಭ ನಡೆದಾಗ ಗದುಗಿನ ಕಡೆಯ ತರುಣ ಶಿಷ್ಯನೊಬ್ಬ ಹಾಡಿ ಹೆಸರಾದ. ಅವರೇ ಭೀಮಸೇನ ಜೋಶಿ. ಗುರು 1952ರಲ್ಲಿ ತೀರಿಕೊಂಡರು; 1953ರಿಂದ ಅವರ ಹೆಸರಿನ ಸಂಗೀತೋತ್ಸವ ಪುಣೆಯಲ್ಲಿ ಆರಂಭವಾಯಿತು. ಗುರುವಿನ ಅರವತ್ತನ್ನು ಶಿಷ್ಯನ ಕಂಠ ಆಚರಿಸಿದ ಆ ಸಂದರ್ಭದಲ್ಲಿ ‘ಅರಳು’ ಒಬ್ಬರದು, ‘ಮರಳು’ ಇನ್ನೊಬ್ಬರದು.

ಇದೇ ಕಾರಣಕ್ಕಾಗಿ ಒಂದು ಆತಂಕವನ್ನು ದಾಖಲಿಸಿ ಈ ಲೇಖನವನ್ನು ಮುಗಿಸುತ್ತೇವೆ. ಮಕ್ಕಳ ಉದ್ಯೋಗದ ಬೆನ್ನುಹಿಡಿದು ಪುಣೆಗೆ ಬಂದು ನೆಲೆಸಿದ ಕನ್ನಡದ ಹಿರಿಯರು ಇಂದು ಹಲವರಿದ್ದಾರೆ. ಅವರ ನರೆಯನ್ನು ಮೊಮ್ಮಕ್ಕಳು ಕಾಣುತ್ತಾರೆ, ಮರೆವನ್ನು ಕಂಡು ನಗುತ್ತಾರೆ. ಆದರೆ ನಗುವ ಭಾಷೆ ಬೇರೆಯಾಗಿರುತ್ತದೆ. ‘ಅರಳುಮರಳು’ ಎಂದು ಕನ್ನಡದಲ್ಲಿ ಬೈಸಿಕೊಂಡ ಅಜ್ಜನಿಗೆ ಆ ಬೈಗುಳಿನೊಳಗೆ ಅಡಗಿದ ಹರಕೆಯೂ ಸಿಗುತ್ತದೆ. ಬೇರೆ ಭಾಷೆಯಲ್ಲಿ ಬೈಸಿಕೊಂಡವನಿಗೆ ಬೈಗುಳಷ್ಟೇ ಸಿಗುತ್ತದೆ. ಮುಪ್ಪಿನ ಕುರುಹುಗಳನ್ನು ಹಗುರಾಗಿ ಹೊರುವುದಕ್ಕೆ ಔಷಧ, ಊರುಗೋಲು, ಕನ್ನಡಕಗಳ ಜೊತೆಗೆ, ಹಂಚಿಕೊಂಡ ಒಂದು ಶಬ್ದಸಂಪತ್ತೂ ಬೇಕು. ಭಾಷೆಯೊಂದು ಮನೆಯಿಂದ ಹೊರಟುಹೋದಾಗ ಹೋಗುವುದು ಕಾವ್ಯ ಮಾತ್ರವಲ್ಲ. ಮುದುಕರಾಗುವ ಒಂದು ಕ್ರಮವೂ ಅದರೊಡನೆ ಹೋಗುತ್ತದೆ.

‘ಚಾಳೀಸು’ ಧರಿಸಿದ ಮೇಲೆ ಅಕ್ಷರಗಳು ಮತ್ತೆ ಸ್ಪಷ್ಟವಾಗುವಂತೆ, ಅರವತ್ತು ದಾಟಿದ ಮೇಲೆ ಕೆಲವು ಪದಗಳು ಮತ್ತೆ ಸ್ಪಷ್ಟವಾಗುತ್ತವೆ. ಆ ಪದಗಳನ್ನು ಕೇಳಿಸಿಕೊಳ್ಳುವ ಕಿವಿಗಳು ಮನೆಯಲ್ಲಿ ಉಳಿದಿರಲಿ ಎಂಬುದಷ್ಟೇ ನಮ್ಮ ಆಶಯ.